ಚಲನೆಯ ಅಂಕೆ: ಮಿದುಳಿನ ಆಳವೂ ಭತ್ತದ ನಾಡಿನ ಜ್ವರವೂ



ಈ ಉಪನ್ಯಾಸದ ದತ್ತಿಯನ್ನಿಟ್ಟ ಮಹನೀಯರ ಅಪೇಕ್ಷೆ, ವಿಜ್ಞಾನದ ಯಾವುದಾದರೊಂದು ವಿಷಯವನ್ನು ಶಾಸ್ತ್ರಪರಿಚಯವಿಲ್ಲದವರಿಗೂ ಮನದಟ್ಟಾಗುವಂತೆ ಕನ್ನಡದಲ್ಲಿಯೇ ನಿರೂಪಿಸತಕ್ಕದ್ದೆಂಬುದು. ಅದಕ್ಕನುಸಾರವಾಗಿ ನಾನು ಆರಿಸಿಕೊಂಡಿರುವುದು ಮನುಷ್ಯಶರೀರದ ಚಲನೆ, ಅದನ್ನು ಆಳುವ ಮಿದುಳಿನ ವ್ಯವಸ್ಥೆ, ಆ ವ್ಯವಸ್ಥೆ ಕೆಟ್ಟಾಗ ಉಂಟಾಗುವ ವ್ಯಾಧಿಗಳು. ನಾಲೆ, ಭತ್ತ, ಕಬ್ಬು, ಬೆಲ್ಲ ಇವು ಮಂಡ್ಯದ ಸಹಜ ವಿಷಯಗಳು. ನರಶಾಸ್ತ್ರವಾದರೋ ದೂರದ ನಗರದ ದೊಡ್ಡ ಆಸ್ಪತ್ರೆಗೆ ಸೇರಿದ್ದು, ಅದನ್ನೇಕೆ ಇಲ್ಲಿಗೆ ಹೊತ್ತು ತಂದಿರಿ ಎಂದು ಯಾರಾದರೂ ಕೇಳಿಯಾರು. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಯಲ್ಲಿ ನಿಂತ ನೀರಿಗೂ ಮಿದುಳಿನ ಗರ್ಭದಲ್ಲಿ ಹುದುಗಿರುವ ಕೆಲವು ಗಂಟುಗಳಿಗೂ ಒಂದು ಸಂಬಂಧವುಂಟು. ಅದು 1983ರಲ್ಲಿ ಈ ಜಿಲ್ಲೆಗೆ ಬಹು ದುಃಖಕರವಾದ ರೀತಿಯಲ್ಲಿ ತಿಳಿಯಬಂದಿತು. ಆ ಸಂಬಂಧವನ್ನು ಬಿಡಿಸಿ ಹೇಳಬೇಕಾದರೆ ಮೊದಲು ಆ ಗಂಟುಗಳ ಕೆಲಸವೇನೆಂಬುದನ್ನು ಹೇಳಬೇಕು. ಆದುದರಿಂದ ಸ್ವಲ್ಪ ಹೊತ್ತು ಶಾಸ್ತ್ರದ ದಾರಿಯಲ್ಲಿ ನಡೆಯಲು ಅಪ್ಪಣೆಯಾಗಬೇಕು.

ನಾಟಿಯ ಕಾಲದಲ್ಲಿ ಮದ್ದೂರಿನ ಆಚೀಚೆ ಯಾವ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೂ, ಮೊಳಕಾಲಿನ ತನಕ ಕೆಸರಿನಲ್ಲಿ ನಿಂತು, ಸೊಂಟ ಬಗ್ಗಿಸಿ, ಎಡಗೈಯಲ್ಲಿ ಸಸಿಯ ಕಟ್ಟನ್ನು ಹಿಡಿದು, ಬಲಗೈಯ ಬೆರಳುಗಳಿಂದ ಎರಡು ಮೂರು ಸಸಿಗಳನ್ನಷ್ಟೇ ಬೇರ್ಪಡಿಸಿ ನೆಟ್ಟು, ನೆಟ್ಟ ಸಾಲು ಕೆಡದಂತೆ ಹಿಮ್ಮುಖವಾಗಿ ಹೆಜ್ಜೆಯಿಡುವ ಹೆಂಗಸರು ಕಾಣುತ್ತಾರೆ. ಅವರ ಮಾತು ಮನೆಯ ಸುದ್ದಿಯ ಮೇಲಿರುತ್ತದೆ. ಕೈ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಇಷ್ಟು ಸಸಿಯನ್ನು ಇಷ್ಟು ಆಳಕ್ಕೆ ಊರಬೇಕೆಂದು ಅವರು ಬೆರಳಿಗೆ ಅಪ್ಪಣೆ ಕೊಟ್ಟುದನ್ನು ಯಾರೂ ಕೇಳಲಿಲ್ಲ; ಅವರೂ ಅರಿಯರು. ಶರೀರದಲ್ಲಿರುವ 600ಕ್ಕೂ ಮಿಕ್ಕ ಸ್ನಾಯುಗಳಲ್ಲಿ ಯಾವುದು ಆಗ ಬಿಗಿಯಬೇಕು, ಯಾವುದು ಸಡಿಲಬೇಕು, ಯಾವುದು ಸುಮ್ಮನಿರಬೇಕು ಎಂಬ ಲೆಕ್ಕ ಕ್ಷಣಕ್ಷಣವೂ ನಡೆಯುತ್ತಿದ್ದು, ಆ ಲೆಕ್ಕದ ಬಹುಭಾಗ ಪ್ರಜ್ಞೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದೇ ಇಲ್ಲ.

ಸಂಕಲ್ಪ ಸ್ನಾಯುವನ್ನು ತಲುಪುವ ಹೆದ್ದಾರಿ ಯಾವುದೆಂಬುದು ತಿಳಿದು ಒಂದೂವರೆ ಶತಮಾನವಾಯಿತು. 1870ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮಿದುಳಿನ ಹೊರಪದರದ ಒಂದು ಭಾಗಕ್ಕೆ ಅಲ್ಪ ವಿದ್ಯುತ್ತನ್ನು ಹಾಯಿಸಿದಾಗ ಎದುರು ಪಕ್ಕದ ಕಾಲು ಚಲಿಸಿತು. ಕೆನಡಾದ ಶಸ್ತ್ರವೈದ್ಯ ಪೆನ್‌ಫೀಲ್ಡ್ 1937ರಲ್ಲಿ ಮನುಷ್ಯರ ಮಿದುಳಿನ ಮೇಲೆ ಅದೇ ಬಗೆಯ ನಕ್ಷೆಯನ್ನು ಬರೆದು ತೋರಿಸಿದಾಗ, ಕೈಬೆರಳುಗಳಿಗೂ ತುಟಿ ನಾಲಗೆಗಳಿಗೂ ಮೀಸಲಾದ ಪ್ರದೇಶ ವಿಶಾಲವಾಗಿಯೂ, ಅಷ್ಟು ದೊಡ್ಡ ಬೆನ್ನಿಗೆ ಮೀಸಲಾದದ್ದು ಅಂಗೈಯಗಲಕ್ಕೂ ಸಾಲದ್ದಾಗಿಯೂ ಕಂಡಿತು. ಈ ಪ್ರದೇಶದಿಂದಲೂ ಅದರ ಆಸುಪಾಸಿನಿಂದಲೂ ಹೊರಡುವ ಸುಮಾರು ಹತ್ತು ಲಕ್ಷ ನರತಂತುಗಳು ಮಿದುಳಿನ ಬುಡದಲ್ಲಿ ಬಹುಪಾಲು ಎದುರು ಪಕ್ಕಕ್ಕೆ ದಾಟಿ ಬೆನ್ನುಹುರಿಯಲ್ಲಿ ಇಳಿಯುತ್ತವೆ. ಎಡಮಿದುಳಿನಲ್ಲಿ ರಕ್ತನಾಳ ಕಟ್ಟಿಕೊಂಡವನಿಗೆ ಬಲಗೈ ಬಲಗಾಲು ಬಿದ್ದುಹೋಗುವುದು ಇದರಿಂದಲೇ. ಲಕ್ವ ಹೊಡೆದವರ ಮನೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾದ ಅಗತ್ಯವಿಲ್ಲ.

ತಲೆಯ ಹಿಂಭಾಗದಲ್ಲಿ ಅಡಗಿರುವ ಅನುಮಸ್ತಿಷ್ಕದ ಮಾತು ಬೇರೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿದ್ದರೆ ಅವುಗಳಲ್ಲಿ 6900 ಕೋಟಿಯಷ್ಟು ಈ ಚಿಕ್ಕ ಭಾಗದಲ್ಲಿಯೇ ಕಿಕ್ಕಿರಿದಿವೆ. ಇದು ಆಜ್ಞೆ ಕೊಡುವುದಿಲ್ಲ. ಕೊಟ್ಟ ಆಜ್ಞೆಗೂ ನಡೆದ ಕಾರ್ಯಕ್ಕೂ ನಡುವಣ ಅಂತರವನ್ನು ಅಳೆದು ತಿದ್ದುತ್ತದೆ. ಇದು ಕೆಟ್ಟವನ ಶಕ್ತಿ ಕುಂದುವುದಿಲ್ಲ, ಅಳತೆ ತಪ್ಪುತ್ತದೆ: ಲೋಟಕ್ಕೆ ಚಾಚಿದ ಕೈ ಲೋಟವನ್ನು ಮೀರಿ ಹೋಗುತ್ತದೆ, ಮಾತು ತುಂಡುತುಂಡಾಗುತ್ತದೆ, ನಡಿಗೆ ಕುಡುಕನದಾಗುತ್ತದೆ. ಒಂದು ಹನಿ ಹೆಂಡವನ್ನೂ ಮುಟ್ಟದವನು ಹೀಗೆ ನಡೆದು ಊರವರ ಅಪವಾದಕ್ಕೆ ಗುರಿಯಾಗುವುದುಂಟು.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಿದುಳಿನ ಎರಡು ಗೋಳಾರ್ಧಗಳ ಆಳದಲ್ಲಿ, ಥಾಲಮಸ್ ಎಂಬ ಅಂಡಾಕಾರದ ಕೇಂದ್ರದ ಸುತ್ತಮುತ್ತ, ಬೂದುಬಣ್ಣದ ಕೆಲವು ಗಂಟುಗಳಿವೆ. ಇವುಗಳಿಗೆ ಒಟ್ಟಾಗಿ ಬೇಸಲ್ ಗ್ಯಾಂಗ್ಲಿಯಾ ಎಂದು ಹೆಸರು. ಇವುಗಳ ಜೊತೆಗೆ, ಸ್ವಲ್ಪ ಕೆಳಗೆ, ಕಪ್ಪು ವರ್ಣದ್ರವ್ಯ ತುಂಬಿದ ಕೋಶಗಳ ಒಂದು ತೆಳುವಾದ ಪಟ್ಟೆ ಇದ್ದು, ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎನ್ನಿಸಿಕೊಳ್ಳುತ್ತದೆ. ಬಹುಕಾಲ ಇವುಗಳ ಪ್ರಯೋಜನವೇನೆಂಬುದು ಯಾರಿಗೂ ಬಗೆಹರಿಯಲಿಲ್ಲ. ಬಗೆಹರಿಯದಿದ್ದುದಕ್ಕೆ ಕಾರಣ, ಇವು ಚಲನೆಯನ್ನು ಹುಟ್ಟಿಸುತ್ತವೆಯೆಂದು ಭಾವಿಸಿ ಹುಡುಕಿದುದೇ ಎಂದು ನನಗೆ ತೋರುತ್ತದೆ. ಇವುಗಳ ಸ್ವಭಾವ ತಡೆಯುವುದು. ಹಳೆಯ ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ನೀರುಗಂಟಿಯೊಬ್ಬನಿರುತ್ತಾನಷ್ಟೆ: ಅವನು ನೀರನ್ನು ಸೃಷ್ಟಿಸುವವನಲ್ಲ, ತೂಬುಗಳೆಲ್ಲ ಮುಚ್ಚಿರುವುದೇ ಅವನ ಆಡಳಿತದ ಸಾಮಾನ್ಯಸ್ಥಿತಿ, ಯಾರ ಸರದಿಯೋ ಅವರ ಗದ್ದೆಯ ಬಾಯನ್ನು ಮಾತ್ರ ತೆರೆದು, ಅಕ್ಕಪಕ್ಕದ ಬಾಯಿಗಳನ್ನು ಇನ್ನಷ್ಟು ಭದ್ರಪಡಿಸುವುದೇ ಅವನ ಕೌಶಲ. ಬೇಸಲ್ ಗ್ಯಾಂಗ್ಲಿಯಾದ ಹೊರಬಾಗಿಲಿನ ಕೋಶಗಳು ನಾವು ಸುಮ್ಮನೆ ಕುಳಿತಾಗಲೂ ನಿರಂತರವಾಗಿ ಸ್ಪಂದಿಸುತ್ತ ಥಾಲಮಸ್ಸನ್ನು ಅದುಮಿ ಹಿಡಿದಿರುತ್ತವೆ. ಕೈಯೆತ್ತಬೇಕೆಂಬ ಬಯಕೆ ಹುಟ್ಟಿದಾಗ, ಸ್ಟ್ರಯೇಟಮ್ ಎಂಬ ಒಳಬಾಗಿಲಿನ ಕೋಶಗಳು ಆ ತಡೆಯನ್ನೇ ಒಂದು ಕಡೆ ತಡೆಯುತ್ತವೆ. ತಡೆ ಸಡಿಲಿದ ಕಡೆ ಚಲನೆ ಹರಿಯುತ್ತದೆ. ನಮ್ಮ ಪ್ರತಿಯೊಂದು ಚಲನೆಯ ಹಿಂದೆಯೂ ಹೀಗೆ ನಡೆಯಗೊಡದ ನೂರು ಚಲನೆಗಳಿರುತ್ತವೆ.

ಈ ಸಡಿಲಿಕೆಗೆ ಬೇಕಾದ ರಾಸಾಯನಿಕವೇ ಡೋಪಮಿನ್. ಅದನ್ನು ಒದಗಿಸುವುದು ಆ ಕಪ್ಪು ಪಟ್ಟೆಯ ಕೋಶಗಳು. ಕೋಶಗಳು ಸತ್ತು ಡೋಪಮಿನ್ ಬತ್ತಿದರೆ ಬಾಗಿಲು ತೆರೆಯುವುದೇ ಪ್ರಯಾಸವಾಗುತ್ತದೆ: ಹೆಜ್ಜೆ ಚಿಕ್ಕದಾಗುತ್ತದೆ, ಅಕ್ಷರ ಕುಗ್ಗುತ್ತದೆ, ಮುಖದ ಭಾವ ಇಂಗುತ್ತದೆ, ಕೈಕಾಲು ಪೆಡಸಾಗುತ್ತವೆ, ಸುಮ್ಮನಿರುವ ಕೈ ನಡುಗುತ್ತದೆ. ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವರ್ಣಿಸಿದ್ದು ಇದನ್ನೇ. ಅದಕ್ಕೆ ವ್ಯತಿರಿಕ್ತವಾಗಿ ತಡೆಯುವ ಕೋಶಗಳೇ ನಾಶವಾದರೆ, ಬೇಡದ ಚಲನೆಗಳು ತಾವಾಗಿ ನುಗ್ಗುತ್ತವೆ. ಕೈಕಾಲು ಕುಣಿಯುವ ಕೊರಿಯಾ, ಅಂಗವನ್ನು ತಿರುಚಿ ವಕ್ರಭಂಗಿಯಲ್ಲಿ ಹಿಡಿದು ನಿಲ್ಲಿಸುವ ಡಿಸ್ಟೋನಿಯಾ ಮೊದಲಾದವು ಈ ಜಾತಿಯವು. ಕೆಲವೊಮ್ಮೆ ಎರಡೂ ಒಬ್ಬನೇ ರೋಗಿಯಲ್ಲಿ ಕೂಡಿ ಬರುವುದುಂಟು.

ಡೋಪಮಿನ್ನಿನ ಕಥೆಯಲ್ಲಿ ನಮ್ಮ ದೇಶದ ಪಾಲು ಸಣ್ಣದಲ್ಲ. ಕಂಪವಾತಕ್ಕೆ ಆಯುರ್ವೇದದವರು ಬಳಸುತ್ತಿದ್ದ ನಸುಗುನ್ನಿ ಬೀಜದಲ್ಲಿ, ಅಂದರೆ ಬೇಲಿಯ ಮೇಲೆ ಹಬ್ಬಿ, ಮುಟ್ಟಿದವರ ಮೈಯನ್ನೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ, ಲೆವೊಡೋಪ ಎಂಬ ಪದಾರ್ಥವಿರುವುದನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ಪ್ರತ್ಯೇಕಿಸಿ ತೋರಿಸಿದ್ದರು. ಅದರ ಪ್ರಯೋಜನ ತಿಳಿಯಲು ಇನ್ನೂ ಕಾಲು ಶತಮಾನ ಬೇಕಾಯಿತು: ಸ್ವೀಡನ್ನಿನ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಡೋಪಮಿನ್ನಿನ ಮಹತ್ತ್ವವನ್ನು ಕಂಡರು, 1960ರಲ್ಲಿ ವಿಯೆನ್ನಾದ ಹೊರ್ನಿಕೀವಿಚ್ ಮತ್ತು ಅವರ ಸಹೋದ್ಯೋಗಿ ಪಾರ್ಕಿನ್‌ಸನ್ ರೋಗಿಗಳ ಮಿದುಳಿನಲ್ಲಿ ಅದು ಬತ್ತಿರುವುದನ್ನು ಅಳೆದರು, 1967ರಲ್ಲಿ ಅಮೆರಿಕದ ಕೊಟ್ಸಿಯಾಸ್ ಲೆವೊಡೋಪವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಿದರು. ಈ ಔಷಧ ಬಳಕೆಗೆ ಬರುವ ಮುನ್ನ ಬೆಂಗಳೂರಿನಲ್ಲಿ ಡಾ. ಆರ್. ಎಂ. ವರ್ಮ ಅವರು, ತಲೆಬುರುಡೆಯನ್ನು ಕೊರೆಯದೆ, ಅದರ ತಳದಲ್ಲಿ ನಿಸರ್ಗವೇ ಬಿಟ್ಟಿರುವ ಒಂದು ರಂಧ್ರದ ಮೂಲಕ ಕೆನ್ನೆಯ ಕಡೆಯಿಂದ ಸೂಜಿಯನ್ನು ಸೇರಿಸಿ, ಈ ಆಳದ ಕೇಂದ್ರಗಳನ್ನು ತಲುಪಿ ಕಂಪನವನ್ನು ಶಮನಗೊಳಿಸುವ ವಿಧಾನವನ್ನು ಬಳಕೆಗೆ ತಂದಿದ್ದರು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಪ್ರಥಮ ನಿರ್ದೇಶಕರಾದವರೂ ಅವರೇ. ಅದೇ ಸಂಸ್ಥೆಯ ಮುಠಾಣೆ, ಯಶಾ, ಶಂಕರ್ ಎಂಬ ಮೂವರು 1998ರಲ್ಲಿ ಪ್ರಕಟಿಸಿದ ಒಂದು ಶೋಧನೆ ನನಗೆ ಬಹಳ ಅರ್ಥಗರ್ಭಿತವೆನಿಸುತ್ತದೆ: ಆರೋಗ್ಯವಂತರಾಗಿದ್ದ ಭಾರತೀಯರ ಮಿದುಳುಗಳಲ್ಲಿ ಕಪ್ಪು ಕೋಶಗಳ ಸಂಖ್ಯೆ ಪಾಶ್ಚಾತ್ಯರದಕ್ಕಿಂತ ಕಡಿಮೆಯಿದ್ದರೂ, ವಯಸ್ಸೇರಿದಂತೆ ಅವು ಕ್ಷಯಿಸುತ್ತ ಹೋಗುವುದು ಕಾಣಲಿಲ್ಲ. ಮೂಲಧನ ಎಷ್ಟೆಂಬುದಕ್ಕಿಂತ ಕರಗುವ ವೇಗವೇ ಇಲ್ಲಿ ಮುಖ್ಯವಿದ್ದೀತು.

ಪಾರ್ಕಿನ್‌ಸನ್ ರೋಗ ಬಹುಮಟ್ಟಿಗೆ ಮುಪ್ಪಿನದು; ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬರುವುದು. ಇದೇ ಕೇಂದ್ರಗಳನ್ನು ಕೆಲವೇ ದಿನಗಳಲ್ಲಿ, ಅದೂ ಮಕ್ಕಳಲ್ಲಿ, ಹಾಳುಮಾಡುವ ವ್ಯಾಧಿಯೊಂದುಂಟು. ಈ ಜಿಲ್ಲೆಯ ಜನ ಅದನ್ನು ಮಿದುಳು ಜ್ವರವೆಂದು ಬಲ್ಲರು. ಇದರ ಪೂರ್ಣ ಹೆಸರು ಜಪಾನೀ ಮಿದುಳು ಜ್ವರ; ಇದರ ವೈರಾಣುವನ್ನು ಜಪಾನಿನಲ್ಲಿ 1935ರಲ್ಲಿ ಪ್ರತ್ಯೇಕಿಸಿದರು. ನಮ್ಮ ದೇಶದಲ್ಲಿ ಇದು ಮೊದಲು ಗುರುತಿಗೆ ಬಂದದ್ದು 1955ರಲ್ಲಿ, ವೆಲ್ಲೂರಿನಲ್ಲಿ. ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು 1973ರಲ್ಲಿ, ಬಂಗಾಳದ ಬಾಂಕುರಾದಲ್ಲಿ. ಕರ್ನಾಟಕದಲ್ಲಿ 1970ರ ದಶಕದ ಕೊನೆಗೆ ಕೋಲಾರದಲ್ಲಿ ತಲೆಯೆತ್ತಿ, 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾಂಕ್ರಾಮಿಕವಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇಲ್ಲಿಗೆ ಬಂದು, ಗದ್ದೆ ಕೊಟ್ಟಿಗೆಗಳಲ್ಲಿ ಸೊಳ್ಳೆ ಹಿಡಿದು ಪರೀಕ್ಷಿಸಿ, ಆ ಸಾಂಕ್ರಾಮಿಕವನ್ನು ಹೊತ್ತು ತಂದ ಸೊಳ್ಳೆಗಳಾವುವೆಂಬುದನ್ನು ಮರುವರ್ಷವೇ ಪ್ರಕಟಪಡಿಸಿದರು. ಮಂಡ್ಯದ ಹೆಸರು ಅಂತರರಾಷ್ಟ್ರೀಯ ವೈದ್ಯವಾಙ್ಮಯದಲ್ಲಿ ಕಬ್ಬಿನಿಂದಾಗಿಯಲ್ಲ, ಸೊಳ್ಳೆಯಿಂದಾಗಿ ಸೇರಿದ್ದು ಹೀಗೆ.

ಸೊಳ್ಳೆಗೂ ಈ ನೆಲಕ್ಕೂ ಇರುವ ನಂಟು ನಾಲೆಯಷ್ಟೇ ಹಳೆಯದು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತ ಬಂದಂತೆ, ಹುಲಿಕೆರೆಯ ಸುರಂಗವನ್ನು ಹಾದು ಹೊರಬಿದ್ದ ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಹುರುಳಿಗಳ ಒಣನೆಲವನ್ನು ಭತ್ತ ಕಬ್ಬುಗಳ ನೆಲವನ್ನಾಗಿ ಮಾಡಿತು. 1933ರಲ್ಲಿ ಸಕ್ಕರೆಯ ಕಂಪನಿ ಹುಟ್ಟಿತು, 1939ರಲ್ಲಿ ಜಿಲ್ಲೆಯೇ ಹುಟ್ಟಿತು. ಆದರೆ ನೀರಿನ ಬೆನ್ನಿಗೇ ಮಲೇರಿಯಾ ಬಂದು, ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದರೊಡನೆ ಹೆಣಗಾಡಬೇಕಾಯಿತು. ನೀರನ್ನು ಸರದಿಯಂತೆ ಹಂಚಿ ಭತ್ತ, ಕಬ್ಬು, ಅಲ್ಪ ನೀರಿನ ಬೆಳೆ ಇವುಗಳನ್ನು ಪಾಳಿಯಲ್ಲಿ ಬೆಳೆಸುವ ವಿಶ್ವೇಶ್ವರಯ್ಯನವರ ವಿಭಾಗಪದ್ಧತಿ ನಿಷ್ಠೆಯಿಂದ ನಡೆದುಬಂದಿದ್ದರೆ ವರ್ಷವಿಡೀ ನೀರು ನಿಲ್ಲುವ ಗದ್ದೆ ಇಷ್ಟು ವಿಸ್ತಾರವಾಗುತ್ತಿರಲಿಲ್ಲವೆಂಬುದು ನನ್ನ ಭಾವನೆ. ಆದರೆ ತಲೆಭಾಗದ ರೈತನಿಗೆ ಆ ಮಾತು ಹಿತವಾಗುವಂತೆ ಕೊನೆಭಾಗದ ರೈತನಿಗೆ ಆಗದೆಂದೂ, ಮಳವಳ್ಳಿಯ ಕಡೆಯ ಗದ್ದೆಗಳಿಗೆ ನೀರು ತಲುಪುವುದೇ ಒಂದು ವ್ಯಾಜ್ಯವೆಂದೂ ನಾನು ಬಲ್ಲೆ.

ಮಲೇರಿಯಾದ ಸೊಳ್ಳೆ ಬೇರೆ, ಮಿದುಳು ಜ್ವರದ್ದು ಬೇರೆ. ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಮತ್ತು ಅದರ ಬಂಧುಗಳಾದ ವಿಷ್ಣುಯಿ ಗುಂಪಿನ ಸೊಳ್ಳೆಗಳು, ನಾಟಿಯಾದ ಹೊಸದರಲ್ಲಿ ಪೈರು ಎಳೆಯದಾಗಿದ್ದು ನೀರಿಗೆ ಬಿಸಿಲು ತಾಕುತ್ತಿರುವಾಗ ಹೇರಳವಾಗಿ ಮರಿಮಾಡುತ್ತವೆ. ಮುಸ್ಸಂಜೆಯ ಮೇಲೆ ಹಾರಿ ಬಂದು ಮುಖ್ಯವಾಗಿ ದನಗಳ ರಕ್ತವನ್ನು ಹೀರುತ್ತವೆ. ಮನುಷ್ಯನು ಅವಕ್ಕೆ ಎರಡನೆಯ ಆಯ್ಕೆ. ದನದ ಮೈಯಲ್ಲಿ ವೈರಾಣು ವೃದ್ಧಿಯಾಗುವುದಿಲ್ಲ. ಮನುಷ್ಯನ ರಕ್ತದಲ್ಲಿಯೂ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಆಗುವುದಿಲ್ಲ. ಅದು ವೃದ್ಧಿಯಾಗುವುದು ಹಂದಿಯಲ್ಲಿ ಮತ್ತು ಗದ್ದೆಯಲ್ಲಿ ಮೇಯುವ ಬಕಕುಲದ ಹಕ್ಕಿಗಳಲ್ಲಿ. ಹಂದಿಗೆ ಸಾಮಾನ್ಯವಾಗಿ ಜ್ವರದ ಲಕ್ಷಣವೇ ಕಾಣದು, ಬೆಳ್ಳಕ್ಕಿಗೂ ಕಾಣದು. ಮಕ್ಕಳಿಂದ ಮಕ್ಕಳಿಗೆ ಇದು ಹರಡುವುದಿಲ್ಲ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಣ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಈ ಬಕಕುಲಕ್ಕೆ ಸೇರಿದವಲ್ಲ. ತವರಿಗೆ ಬಂದ ಮಗಳಂತೆ ಆ ಊರವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹಕ್ಕಿಗಳ ಮೇಲೆ ಈ ರೋಗದ ಹೊಣೆಯನ್ನು ಹೊರಿಸಲು ಯಾರೂ ಆತುರಪಡಬೇಕಾದ್ದಿಲ್ಲ.

ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ತೀವ್ರವಾದ ರೋಗ ಬರುತ್ತದೆಂದು ಅಂದಾಜು. ಆ ಒಬ್ಬರು ಹೆಚ್ಚಾಗಿ ಮಕ್ಕಳು. ಮಿದುಳೂದಿಕೊಂಡವರಲ್ಲಿ ನೂರಕ್ಕೆ 30ರವರೆಗೂ ಸಾವುಂಟಾಗಬಹುದು. ಇದನ್ನು ಗುಣಪಡಿಸುವ ಔಷಧವಿಲ್ಲ. ಜ್ವರವಿಳಿಸಿ, ಸೆಳೆತವನ್ನು ತಡೆದು, ಉಸಿರಾಟವನ್ನು ಕಾಪಾಡುವುದಷ್ಟೆ ವೈದ್ಯನ ಕೈಯಲ್ಲಿರುವುದು. ಇಡೀ ಮಿದುಳಿಗೆ ನುಗ್ಗಬಲ್ಲ ಈ ವೈರಾಣು ವಿಶೇಷವಾಗಿ ಎರಗುವುದು ಥಾಲಮಸ್, ಬೇಸಲ್ ಗ್ಯಾಂಗ್ಲಿಯಾ, ಸಬ್‌ಸ್ಟ್ಯಾನ್ಷಿಯಾ ನೈಗ್ರಾಗಳ ಮೇಲೆ. ಇಂದಿನ ಎಂ.ಆರ್.ಐ. ಚಿತ್ರದಲ್ಲಿ ಎರಡೂ ಪಕ್ಕದ ಥಾಲಮಸ್ ಬೆಳ್ಳಗೆ ಹೊಳೆಯುವುದನ್ನು ಕಂಡ ವೈದ್ಯನಿಗೆ ಮೊದಲು ಬರುವ ಸಂಶಯಗಳಲ್ಲಿ ಇದೂ ಒಂದು. ಅದೇಕೆ ಈ ಗಂಟುಗಳನ್ನೇ ಆರಿಸಿಕೊಳ್ಳುತ್ತದೆಂಬುದು ಇನ್ನೂ ವಾದಗ್ರಸ್ತ.

ಹೀಗಾಗಿ ಪ್ರಜ್ಞೆ ಮರಳಿದ ಮಗು ಎಷ್ಟೋ ಸಲ ಆಟವಾಡುವ ಮಗುವಾಗಿ ಮರಳುವುದಿಲ್ಲ. ಮುಖ ಮುಖವಾಡದಂತಿರುತ್ತದೆ, ರೆಪ್ಪೆ ಬಡಿಯುವುದೇ ಅಪರೂಪ, ಬಾಯಿಂದ ಜೊಲ್ಲು ಸುರಿಯುತ್ತದೆ, ದನಿ ಕ್ಷೀಣಿಸಿ ಪಿಸುಮಾತಾಗುತ್ತದೆ, ತೋಳನ್ನು ಮಡಿಸಿ ನೋಡಿದರೆ ಹಲ್ಲುಚಕ್ರವನ್ನು ತಿರುಗಿಸಿದಂತೆ ತಡೆತಡೆದು ಬಾಗುತ್ತದೆ. ಎಂಬತ್ತು ವರ್ಷದ ಮುದುಕನ ಪಾರ್ಕಿನ್‌ಸನ್ ರೋಗ ಎಂಟು ವರ್ಷದ ಹುಡುಗನಲ್ಲಿ! ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪನ್ನು ಮುತ್ತಿದ, ವಿಯೆನ್ನಾದ ಫಾನ್ ಎಕೊನೊಮೊ 1917ರಲ್ಲಿ ವರ್ಣಿಸಿದ ನಿದ್ರಾಜ್ವರದ ತರುವಾಯವೂ ಇಂಥವರು ಅನೇಕರಿದ್ದರು. ಅವರಲ್ಲಿಯೂ ಕಪ್ಪು ಪಟ್ಟೆ ನಾಶವಾಗಿರುವುದನ್ನು ಕಂಡು 1919ರಲ್ಲಿ ಪ್ಯಾರಿಸ್ಸಿನ ಟ್ರೆಟಿಯಾಕಾಫ್ ಪಾರ್ಕಿನ್‌ಸನ್ ರೋಗದ ನೆಲೆಯನ್ನು ಇನ್ನಷ್ಟು ಖಚಿತಗೊಳಿಸಿದರು. ಆ ನಿದ್ರಾಜ್ವರ ಮಾಯವಾಯಿತು. ಅದರ ಕಾರಣವೂ ಅದರೊಡನೆ ಹೋಯಿತು. ನಮ್ಮ ಗದ್ದೆಗಳ ಜ್ವರದ ಕಾರಣ ಮಾತ್ರ ಪ್ರತಿ ಹಂಗಾಮಿನಲ್ಲಿಯೂ ಗುಂಯ್‌ಗುಟ್ಟುತ್ತಲೇ ಇದೆ.

ಈ ಮಕ್ಕಳ ಮುಂದಿನ ಗತಿಯನ್ನು ಹಿಂಬಾಲಿಸಿ ನೋಡಿದವರು ನಿಮ್ಹಾನ್ಸ್‌ನ ನರವೈದ್ಯರೂ ವೈರಾಣುತಜ್ಞರೂ. ಜಪಾನೀ ಮಿದುಳು ಜ್ವರದ ತರುವಾಯ ಉಳಿದುಬಿಡುವ ಚಲನಾದೋಷಗಳನ್ನು ಕುರಿತ ಅವರ ಬರಹ 2001ರಲ್ಲಿ ಪ್ರಕಟವಾಯಿತು. ಹಲವರಲ್ಲಿ ಪೆಡಸುತನ, ನಿಧಾನಗತಿಗಳು ತಿಂಗಳುಗಳಲ್ಲಿ ಕರಗುವುದುಂಟು. ಕೆಲವರಲ್ಲಿ ಡಿಸ್ಟೋನಿಯಾ ವರ್ಷಗಟ್ಟಲೆ ಕೈಯನ್ನು ತಿರುಚಿ ಹಿಡಿದೇ ಇರುತ್ತದೆ. ಲೆವೊಡೋಪ ಇಲ್ಲಿ ಮುಪ್ಪಿನ ರೋಗದಲ್ಲಿ ಫಲಿಸಿದಷ್ಟು ಫಲಿಸದು, ಏಕೆಂದರೆ ಡೋಪಮಿನ್ ಕೊಡುವ ಕೋಶಗಳ ಜೊತೆಗೆ ಅದನ್ನು ಪಡೆಯಬೇಕಾದ ಕೋಶಗಳೂ ಹಾನಿಗೊಂಡಿರುತ್ತವೆ. ಬದುಕಿ ಉಳಿದವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ, ಕೆಲವು ಅಂದಾಜುಗಳ ಪ್ರಕಾರ ಇನ್ನೂ ಹೆಚ್ಚು ಮಂದಿಗೆ, ಅಂಗಚಲನೆಯದೋ ಬುದ್ಧಿಯದೋ ಮಾತಿನದೋ ಒಂದು ಊನ ಸ್ಥಿರವಾಗುತ್ತದೆ.

ತಡೆಗಟ್ಟುವ ಮಾರ್ಗ ಉಂಟು, ಅದು ಗುಟ್ಟೂ ಅಲ್ಲ. 2006ರಿಂದ ನಮ್ಮ ದೇಶದ ಪೀಡಿತ ಜಿಲ್ಲೆಗಳ ಮಕ್ಕಳಿಗೆ ಚೀನಾದಲ್ಲಿ ತಯಾರಾದ ಲಸಿಕೆಯನ್ನು ಕೊಡಲಾರಂಭಿಸಿದರು. 2013ರಲ್ಲಿ ಹೈದರಾಬಾದಿನಿಂದ ಜೆನ್‌ವ್ಯಾಕ್ ಎಂಬ ಸ್ವದೇಶೀ ಲಸಿಕೆ ಹೊರಬಂದಿತು. ಅದನ್ನು ತಯಾರಿಸಲು ಬಳಸಿದ ವೈರಾಣು 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಪ್ರತ್ಯೇಕಿಸಿದ್ದು. ಕನ್ನಡನಾಡಿನ ಒಂದು ಮನೆಯ ಸಂಕಟ ದೇಶದ ಮಕ್ಕಳಿಗೆ ರಕ್ಷೆಯಾಯಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಗದ್ದೆಯ ನೀರನ್ನು ಎಡೆಬಿಟ್ಟು ಒಣಗಿಸಿ ಮತ್ತೆ ಹಾಯಿಸುವ ಕ್ರಮದಿಂದ ಸೊಳ್ಳೆಮರಿ ಸಾಯುತ್ತದೆ, ನೀರೂ ಉಳಿಯುತ್ತದೆ. ಆದರೆ ಒಬ್ಬ ರೈತ ಒಣಗಿಸಿ ನೆರೆಯವನು ಒಣಗಿಸದಿದ್ದರೆ ಪ್ರಯೋಜನ ಸ್ವಲ್ಪವೇ, ಮತ್ತು ನಾಲೆಯ ನೀರು ಬೇಕಾದ ದಿನ ಬರುತ್ತದೆಂಬ ನಂಬಿಕೆಯಿಲ್ಲದವನು ಬಂದ ನೀರನ್ನು ಬಸಿದುಬಿಡನು. ಹಂದಿಗಳ ದೊಡ್ಡಿಯನ್ನು ಊರಿನಿಂದ ದೂರವಿಡಬೇಕೆಂಬ ಸಲಹೆಯೂ ಹಾಗೆಯೇ: ಹಂದಿ ಸಾಕುವವರು ಊರಿನ ಅತಿ ಬಡವರು, ಅವರಿಗೆ ಬೇರೆ ಜಾಗ ಕೊಡದೆ ಆಜ್ಞೆ ಮಾತ್ರ ಹೊರಡಿಸುವುದು ನ್ಯಾಯವಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕೊರತೆಯಾಗಿ ಕಾಣುವುದು ಬೇರೊಂದು. ಸಾಂಕ್ರಾಮಿಕ ಬಂದಾಗ ನಾವು ಜ್ವರ ಬಂದವರನ್ನೂ ಸತ್ತವರನ್ನೂ ಎಣಿಸುತ್ತೇವೆ. ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಗುಣವಾದವರೆಂದು ಬರೆದುಕೊಂಡು ಕಡತವನ್ನು ಮುಚ್ಚುತ್ತೇವೆ. ಚಲನೆಯ ದೋಷವಾದರೋ ನಿಜವಾಗಿ ಗೋಚರಿಸುವುದು ಆಮೇಲೆ, ಮನೆಯ ಜಗಲಿಯ ಮೇಲೆ. ಆ ಹುಡುಗನನ್ನು ಪೆದ್ದನೆಂದು ಕರೆಯುತ್ತಾರೆ, ಶಾಲೆ ಬಿಡಿಸುತ್ತಾರೆ. ಮುಖ ನಗದಿದ್ದರೂ ಒಳಗೆ ನಗುವ ಮನಸ್ಸಿದೆಯೆಂಬುದನ್ನು ತಾಯಿ ಬಲ್ಲಳು, ಮೇಷ್ಟರು ಅರಿಯರು. ಇಂದು ಮಂಡ್ಯದಲ್ಲಿಯೇ ವೈದ್ಯವಿಜ್ಞಾನ ಸಂಸ್ಥೆಯುಂಟು; ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳುಂಟು; ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರುಂಟು. ಮಿದುಳು ಜ್ವರದಿಂದ ಬದುಕಿ ಬಂದ ಪ್ರತಿಯೊಂದು ಮಗುವನ್ನೂ ಆರು ತಿಂಗಳಿಗೊಮ್ಮೆ ಕರೆಸಿ, ತೋಳನ್ನು ಮಡಿಸಿ, ನಡೆಸಿ, ಮಾತನಾಡಿಸಿ ನೋಡಿ, ಕಂಡುದನ್ನು ಒಂದು ಪುಸ್ತಕದಲ್ಲಿ ಬರೆದಿಡಲು ದೊಡ್ಡ ಯಂತ್ರವೇನೂ ಬೇಡ. ಕೀಲುಗಳು ಕಟ್ಟಿಕೊಳ್ಳದಂತೆ ದಿನವೂ ಆಡಿಸುವ ವ್ಯಾಯಾಮವನ್ನು ತಾಯಿಗೆ ಕಲಿಸಿದರೆ, ಮುಂದೆ ಎಂದಾದರೂ ಚಲನೆ ಮರಳಿ ಬಂದಾಗ ಅದನ್ನು ಸ್ವೀಕರಿಸಲು ಅಂಗ ಸಿದ್ಧವಾಗಿರುತ್ತದೆ. ಕಟ್ಟಿಕೊಂಡ ಮೊಣಕೈ ಮಾತ್ರ ಮಿದುಳು ಚೇತರಿಸಿಕೊಂಡರೂ ಬಾಗದು. ಈ ಕೆಲಸವನ್ನು ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಸ್ಪತ್ರೆಗಳಿಂದಲೇ ಆರಂಭಿಸಬಹುದೆಂದು, ಸಭೆಯಲ್ಲಿರುವ ವೈದ್ಯಮಿತ್ರರಲ್ಲಿ ನನ್ನ ವಿಜ್ಞಾಪನೆ.